ಮೀರಿಮ್‌ಳ ನಿಲುವು

ತರಬೇತುದಾರರ ಪರೀಕ್ಷೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಕರಾಕೋಲ್ ಬೆಟ್ಟದ ಇಳಿಜಾರಿನಲ್ಲಿ ಅಭ್ಯಾಸಕ್ಕೆಂದು ಸ್ನೋಬೋರ್ಡ್ ಎಂಬ ಹಿಮದ ಹಲಗೆಯ ಮೇಲೆ ಅಡ್ಡ ನಿಂತು ಜಾರಿದ ಮೀರಿಮ್ ಅರ್ಧ ದಾರಿಯಲ್ಲೇ ಮುಗ್ಗರಿಸಿ ಬಿದ್ದಳು. ಎದ್ದು ಮತ್ತೆ ಹೊರಟಳು. ಕಾಲ್ಬೆರಳಿನ ಕಡೆ ಭಾರ ಹಾಕಿ ಹಲಗೆ ತಿರುಗಿಸಿದ್ದೇ ತಡ, ಮತ್ತೆ ಮುಖ ಅಡಿಯಾಗಿ ಬಿದ್ದಳು.

ಕೆಳಗೆ ಗಂಡ ತಿಲೆಕ್ ಕಾಯುತ್ತಿದ್ದ. ಪಕ್ಕದಲ್ಲಿ ಅವನ ತಾಯಿ ಬುರುಲ್, ಕಂಬಳಿ ಸುತ್ತಿದ ಮೊಮ್ಮಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಕೂಸು ಹಾಲಿಗೆ ಅತ್ತರೆ ಸೊಸೆ ಹತ್ತಿರವಿರಲೆಂದು ಬಂದವಳು. ಈ ಜಾರಾಟದ ಬಗ್ಗೆ ಅವಳು ಇಲ್ಲಿಯವರೆಗೆ ಒಳ್ಳೆಯ ಮಾತನ್ನೂ ಆಡಿರಲಿಲ್ಲ, ಕೆಟ್ಟ ಮಾತನ್ನೂ ಆಡಿರಲಿಲ್ಲ. ಮೀರಿಮ್‌ಗೆ ಬೀಳುವುದಕ್ಕಿಂತ ಆ ಮೌನದ್ದೇ ಹೆಚ್ಚು ಹೆದರಿಕೆ.

"ಅಭ್ಯಾಸ ತಪ್ಪಿದೆ, ಅಷ್ಟೇ," ಎಂದ ತಿಲೆಕ್. "ಬಸುರಿ, ಬಾಣಂತಿ ಅಂತ ಹೋದ ಚಳಿಗಾಲವೆಲ್ಲ ಹಲಗೆ ಮುಟ್ಟಿಲ್ಲ ನೀನು. ಈ ವರ್ಷ ಬಿಟ್ಟುಬಿಡು. ಮುಂದಿನ ಸಲ ನೋಡಿದರಾಯ್ತು."

"ಅಭ್ಯಾಸದ್ದಲ್ಲ. ಸೊಂಟ ಎರಡು ಕಡೆಯಿಂದ ಹಿಡಿದು ಎಳೆದ ಹಾಗಾಗ್ತಿದೆ. ಹಿಂದಿನ ಕಾಲಿನ ಮಂಡಿ ಉರೀತಿದೆ. ಬೈಂಡಿಂಗ್ ಸರಿಸ್ಬೇಕು."

ತಿಲೆಕ್‌ಗೆ ಚುರುಕ್ಕೆಂದಿತು. ಬೂಟುಗಳನ್ನು ಹಲಗೆಗೆ ಹಿಡಿದಿಡುವ ಆ ಬೈಂಡಿಂಗುಗಳನ್ನು ಮುತುವರ್ಜಿಯಿಂದ ಕೂರಿಸಿ ಸ್ಕ್ರೂ ಬಿಗಿದವನು ಅವನೇ.

"ಮದುವೆಗೆ ಮುಂಚೆ ನೀನು ಕಪ್ ಗೆದ್ದಾಗ ಹೇಗಿತ್ತೋ ಹಾಗೇ ಇಟ್ಟಿದ್ದೀನಿ. ಕೂದಲೆಳೆಯಷ್ಟೂ ಅತ್ತಿತ್ತ ಆಗಿಲ್ಲ. ಅದೇ ಅಳತೆ."

"ಅಳತೆ ಅದೇ ಇದೆ. ನಾನು ಆಗಿನವಳಾಗಿ ಉಳಿದಿಲ್ಲ. ಕಾಲೇ ಬೆಳೆದಿದೆ. ದೊಡ್ಡ ಬೂಟು ಸುಮ್ಮನೆ ತಗೊಂಡೆ ಅಂದ್ಕೊಂಡ್ಯಾ?"

"ಈ ವಯಸ್ಸಲ್ಲಿ ಯಾರ ಕಾಲು ಬೆಳೆಯುತ್ತೆ? ದಪ್ಪ ಕಾಲುಚೀಲ ಹಾಕಿರ್ತೀಯ."

"ನೀನು ಹುಟ್ಟಿದ ಮೇಲೆ ನನ್ನ ಮದುವೆ ಬೂಟು ಮತ್ತೆ ಕಾಲಿಗೆ ಏರಲೇ ಇಲ್ಲ ಕಣೋ," ಎಂದಳು ಬುರುಲ್, ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತ. "ನಿಮ್ಮಪ್ಪನೂ ಹೀಗೇ. ಬೂಟು ಕುಗ್ಗಿದೆ ಅಂತ ಹೊಲಿದವನ ಹತ್ರ ಜಗಳಕ್ಕೇ ಹೋಗಿದ್ರು. ನಿನ್ನ ಜೇಬಲ್ಲಿರೋ ಆ ಸ್ಕ್ರೂಡ್ರೈವರ್ ಅವಳ ಕೈಗೆ ಕೊಡು."

ಮೀರಿಮ್ ಒಂದು ಗಳಿಗೆ ಅತ್ತೆಯನ್ನೇ ನೋಡಿದಳು. ಆಮೇಲೆ ಹಿಮದಲ್ಲೇ ಮಂಡಿಯೂರಿ ಸ್ಕ್ರೂ ಸಡಿಲಿಸಿದಳು. ಬೂಟನ್ನು ಇಟ್ಟು ನೋಡಿದರೆ ಅದರ ಮೂತಿ ಹಲಗೆಯ ಅಂಚಿನಿಂದ ಎದ್ದು ಕಾಣುವಷ್ಟು ಆಚೆ ಚಾಚಿತ್ತು. ತಿರುಗುವಾಗ ಹಿಮಕ್ಕೆ ತಾಗಿ ಅವಳನ್ನು ಕೆಡವುತ್ತಿದ್ದುದು ಅದೇ. ಮೂತಿ, ಹಿಮ್ಮಡಿ ಎರಡೂ ಸರಿಸಮವಾಗಿ ಚಾಚುವಂತೆ ಬೈಂಡಿಂಗುಗಳನ್ನು ಹಿಮ್ಮಡಿಯ ಕಡೆಗೆ ಸರಿಸಿದಳು. ಇನ್ನು ಉಳಿದದ್ದು ಸೊಂಟ, ಮಂಡಿ. ಎದ್ದು ನಿಂತು, ಕಾಲು ಈಗ ಸಹಜವಾಗಿ ಹೇಗೆ ಊರುತ್ತದೆಂದು ನೋಡಲು ಕಣ್ಣು ಮುಚ್ಚಿ, ಇದ್ದಲ್ಲೇ ಒಮ್ಮೆ ನೆಗೆದಳು. ಕಣ್ಣು ಬಿಟ್ಟು ಹೆಜ್ಜೆಗುರುತು ನೋಡಿದಳು. ಪಾದಗಳ ನಡುವೆ ಮುಂಚಿನಷ್ಟು ಅಂತರವಿರಲಿಲ್ಲ. ಹಿಂದಿನ ಕಾಲು ತುಸು ಹೊರಕ್ಕೆ ತಿರುಗಿತ್ತು. ಆ ಗುರುತಿಗೆ ಸರಿಯಾಗಿ ಬೈಂಡಿಂಗುಗಳನ್ನು ಹತ್ತಿರ ತಂದು, ಹಿಂದಿನದನ್ನು ಹೊರಕ್ಕೆ ಹೊರಳಿಸಿ ಬಿಗಿಯತೊಡಗಿದಳು. ಕೈಕಟ್ಟಿ ನಿಂತಿದ್ದ ತಿಲೆಕ್ ತಾನಾಗಿ ಬಗ್ಗಿ ಹಲಗೆ ಅಲುಗದಂತೆ ಹಿಡಿದುಕೊಂಡ.

"ಬಾತುಕೋಳಿ ನಿಂತ ಹಾಗಿದೆ," ಎಂದು ಗೊಣಗಿದ.

"ಬಾತುಕೋಳಿ ಮುಗ್ಗರಿಸಿದ್ದು ನೋಡಿದ್ದೀಯಾ?"

ಪರೀಕ್ಷೆಗೆ ಅವಳ ಹೆಸರು ಕರೆದರು.

ಮೇಲಿನಿಂದ ಹೊರಟ ಮೊದಲ ತಿರುವಿನಲ್ಲೇ ಮೀರಿಮ್‌ಗೆ ತಿಳಿದುಹೋಯಿತು. ಹಲಗೆ ಎಲ್ಲೂ ತಡೆಯಲಿಲ್ಲ. ಕಾಲ್ಬೆರಳಿನ ಕಡೆ ಬಾಗಿದಳು, ಅಂಚು ಹಿಮವನ್ನು ಕತ್ತಿಯಂತೆ ಸೀಳಿತು. ಹಿಮ್ಮಡಿಗೆ ಹೊರಳಿದಳು, ಸೊಂಟ ಚಕಾರವೆತ್ತಲಿಲ್ಲ. ನಡುವಿನ ಕಡಿದಾದ ಜಾಗದಲ್ಲಿ ಬೇರೆಯವರೆಲ್ಲ ವೇಗ ತಗ್ಗಿಸಿದ್ದರು. ಅವಳು ತಗ್ಗಿಸಲಿಲ್ಲ. ಮಂಡಿಗಳೆರಡೂ ಮಾತು ಕೇಳುತ್ತಿದ್ದವು, ಗಾಳಿ ಕಿವಿಯಲ್ಲಿ ಕೂಗುತ್ತಿತ್ತು. ಎಷ್ಟೋ ತಿಂಗಳ ಮೇಲೆ ತನ್ನ ಮೈ ತನ್ನದೇ ಅನ್ನಿಸಿ ಅವಳಿಗೆ ಓಟದ ನಡುವೆಯೇ ನಗು ಬಂತು. ಕೊನೆಯಲ್ಲಿ ಹಲಗೆಯನ್ನು ಅಡ್ಡ ಹಾಕಿ ನಿಂತಾಗ ಎದ್ದ ಹಿಮ ಪರೀಕ್ಷಕನ ಮೀಸೆಯವರೆಗೂ ಹಾರಿತು.

ಅವನು ಮೀಸೆ ಒರೆಸಿಕೊಂಡ. "ನಾಳೆಯಿಂದ ಬಾ. ಹೊಸಬರ ತಂಡ ನಿನಗೆ."

ತಿಲೆಕ್ ಓಡಿ ಬಂದು ಅವಳನ್ನು ಹಲಗೆ ಸಮೇತ ಎತ್ತಲು ಹೋಗಿ, ತಾನೇ ಜಾರಿ ಕುಳಿತ. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಕುಳಿತಲ್ಲಿಂದಲೇ ಸುತ್ತಲಿನವರಿಗೆಲ್ಲ "ನನ್ನ ಹೆಂಡತಿ, ನನ್ನ ಹೆಂಡತಿ" ಎಂದು ಹೇಳುತ್ತಿದ್ದ.

ಬುರುಲ್ ನಿಧಾನವಾಗಿ ನಡೆದು ಬಂದಳು. "ಹೊಸಬರಿಗೆ ಮೊಟ್ಟಮೊದಲು ಏನು ಕಲಿಸ್ತೀಯಮ್ಮ?"

"ಕಲಿಸೋಕೆ ಮುಂಚೆ ಅವರಿಗೆ ಯಾವ ಕಾಲು ಮುಂದೆ ಅಂತ ನೋಡ್ತೀವಿ ಅತ್ತೆ. ಹೇಳದೆ ಕೇಳದೆ ಹಿಂದಿನಿಂದ ಮೆಲ್ಲಗೆ ತಳ್ಳೋದು. ಬೀಳಬಾರದು ಅಂತ ಯಾವುದು ತಾನಾಗೇ ಮುಂದಕ್ಕೆ ಬರುತ್ತೋ ಅದೇ ಮುಂದಿನ ಕಾಲು."

ಬುರುಲ್ ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಮಗಳನ್ನು ಎತ್ತಿಕೋ ಎಂದು ಕೂಸನ್ನು ತಿಲೆಕ್‌ನ ಮಡಿಲಿಗಿಟ್ಟಳು. ತಲೆವಸ್ತ್ರದ ಗಂಟು ಬಿಗಿ ಮಾಡಿಕೊಂಡು ಸೊಸೆಗೆ ಬೆನ್ನು ತಿರುಗಿಸಿ ನಿಂತಳು.

"ತಳ್ಳು," ಎಂದಳು.