ಗಿರಣಿ ಇಲ್ಲದ ನದಿ

1851ರಲ್ಲಿ ಅಮೆರಿಕದ ಒಂದು ನದೀತೀರದ ಊರಿನ ಹೊಸ ನ್ಯಾಯಾಲಯಕ್ಕೆಂದು ಗಿರಣಿಯ ಸಾಹುಕಾರರೊಬ್ಬರು ಚಿತ್ರಕಾರನೊಬ್ಬನಿಂದ ನದಿಯ ಚಿತ್ರ ಬರೆಸಿದರು. ಅದನ್ನು ನೋಡಿದ ಕೂಡಲೇ ಹುಬ್ಬು ಗಂಟಿಕ್ಕಿದರು.

“ಈ ಗಿರಣಿ ಯಾಕ್ರೀ? ಚಂದದ ಮುಖಕ್ಕೆ ಮಸಿ ಬಳಿದ ಹಾಗಿದೆ. ಅಳಿಸಿಬಿಡಿ.”

“ನಿಮ್ಮದೇ ಗಿರಣಿ ಸ್ವಾಮಿ. ನಾನು ಕಂಡದ್ದನ್ನೇ ಬರೆಯೋನು.”

“ಬರೆಸೋನು ನಾನು!”

ಚಿತ್ರಕಾರ ಗಿರಣಿಯ ಮೇಲೆ ಕಾಡು ಬೆಳೆಸಿದ. ಎಂದಿನಂತೆ ಮೂಲೆಯಲ್ಲಿ ‘ಕಂಡದ್ದು ಕಂಡಂತೆ’ ಎಂದು ಇಸವಿ ಸಮೇತ ಬರೆದ.

ಇಪ್ಪತ್ತು ವರ್ಷದ ಮೇಲೆ ನದಿಯ ನೀರಿಗಾಗಿ ಸಾಹುಕಾರರಿಗೂ ಇನ್ನೊಬ್ಬ ಗಿರಣಿಯವನಿಗೂ ವ್ಯಾಜ್ಯ ಹುಟ್ಟಿತು. ಮೊದಲು ಗಿರಣಿ ಕಟ್ಟಿದವರಿಗೆ ನೀರಿನ ಹಕ್ಕು ಎಂಬುದು ಅಲ್ಲಿನ ಕಾನೂನು.

“ಈ ನ್ಯಾಯಾಲಯ ಎದ್ದ ಮರುವರ್ಷ ಅವನು ಕಟ್ಟಿದ್ದು. ನನ್ನ ಗಿರಣಿ ಅದಕ್ಕೂ ಮೊದಲೇ ಇತ್ತು, ದೇವರಾಣೆ!” ಎಂದರು ಸಾಹುಕಾರರು.

ನ್ಯಾಯಾಧೀಶರು ಬೆನ್ನ ಹಿಂದಿನ ಚಿತ್ರದತ್ತ ತಿರುಗಿ ಕನ್ನಡಕ ಏರಿಸಿದರು.

“ಎಲ್ಲಿತ್ತು? ಇಲ್ಲಿ ಬಂದು ತೋರಿಸಿ.”