ಎರಡು ಅಕ್ಷರ

"ತಿರುವಿದ ರಸ ಕೊರಳಿಗೆ ಬಿತ್ತು. ಎರಡು ಅಕ್ಷರ," ಎಂದು ಸ್ಪೀಚ್ ಥೆರಪಿಸ್ಟ್ ಓದಿದಳು.

"ಸರ. ರಸ ಅನ್ನೋದನ್ನ ತಿರುವಿ ಹಾಕಿದ್ರೆ ಸರ. ಕೊರಳಲ್ಲಿ ಇರೋದು," ಎಂದರು ಪದಬಂಧದ ಮೇಷ್ಟ್ರು, ಪಾಠ ಹೇಳುವವರಂತೆ. ಅವರು ಆಪರೇಷನ್ ಟೇಬಲ್ಲಿನ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದರು. ಹಸಿರು ಪರದೆಯ ಈಚೆಗೆ ಅವರ ಮುಖ ಮತ್ತು ಅವಳು. ಆಚೆಗೆ ತೆರೆದಿಟ್ಟ ತಲೆ ಮತ್ತು ಸರ್ಜನ್.

ಗಡ್ಡೆ ಮಾತಿನ ಜಾಗಕ್ಕೆ ಅಂಟಿಕೊಂಡಿತ್ತು. ಅದಕ್ಕೇ ರೋಗಿಯನ್ನು ಎಚ್ಚರವಾಗಿಟ್ಟು, ಸರ್ಜನ್ ಒಂದೊಂದು ಕಡೆ ವಿದ್ಯುತ್ತಿನ ಸಣ್ಣ ಕಡ್ಡಿ ತಾಗಿಸುತ್ತಿದ್ದರು. ತಾಗಿದಷ್ಟು ಹೊತ್ತು ಆ ಜಾಗ ಕೆಲಸ ನಿಲ್ಲಿಸುತ್ತಿತ್ತು. ಮಾತು ಸರಿಯಿದ್ದರೆ ಅಲ್ಲಿಯ ಚೂರು ತೆಗೆಯುವುದು, ತಪ್ಪಿದರೆ ಬಿಡುವುದು. ಸರಿಯೋ ತಪ್ಪೋ ಹೇಳಬೇಕಾದವಳು ಅವಳು. ಬೇರೆ ರೋಗಿಗಳಾದರೆ ಬೀಗ, ಛತ್ರಿ, ಬಾಚಣಿಗೆಯ ಚಿತ್ರ ತೋರಿಸಿ ಹೆಸರು ಹೇಳಿಸಿದರೆ ಮುಗಿಯುತ್ತಿತ್ತು. ಮೇಷ್ಟ್ರು ಒಪ್ಪಿರಲಿಲ್ಲ. "ಛತ್ರಿಗೆ ಛತ್ರಿ ಅನ್ನೋಕೆ ಬಂದು, ಸುಳಿವು ಬಿಡಿಸೋಕೆ ಬರದೆ ಹೋದ್ರೆ, ಮನೆಗೆ ವಾಪಸ್ ಹೋಗೋನು ನಾನಲ್ಲ, ಬೇರೆ ಯಾರೋ," ಎಂದಿದ್ದರು. ವಾರಪತ್ರಿಕೆಗೆ ಪದಬಂಧ ಹೆಣೆಯುತ್ತಲೇ ತಲೆ ನರೆತವರು. ಅವರು ಹೆಣೆದದ್ದನ್ನೇ ಕೇಳಿದರೆ ನೆನಪಿನಿಂದ ಒಪ್ಪಿಸಿಬಿಡುತ್ತಾರೆಂದು, ಹಳೆಯ ಸಂಚಿಕೆಗಳನ್ನು ಮುಂದಿಟ್ಟುಕೊಂಡು ವಿದ್ಯೆ ಕಲಿತು, ಹೊಸ ಸುಳಿವುಗಳನ್ನು ಅವಳೇ ಕಟ್ಟಿದ್ದಳು.

"ಮುಂದೆ," ಎಂದರು ಸರ್ಜನ್.

"ಮತ ಲೆಕ್ಕದ ನಡುವೆ ಟೋಪಿಗೊಂದು ಜಾಗ. ಎರಡು ಅಕ್ಷರ."

"ತಲೆ. ಮತದ 'ತ', ಲೆಕ್ಕದ 'ಲೆ', ಪಕ್ಕಪಕ್ಕದಲ್ಲೇ ಅಡಗಿ ಕೂತಿವೆ. ಟೋಪಿ ಇಡೋದು ಅದರ ಮೇಲೆ. ಸದ್ಯಕ್ಕೆ ನಂದು ಡಾಕ್ಟರ ಕೈಲಿದೆ."

ಪರದೆಯಾಚೆ ಯಾರೋ ನಕ್ಕರು. ಅವಳಿಗೆ ನಗು ಬರಲಿಲ್ಲ. ಮುಂದಿನ ಸುಳಿವು ಅವಳ ಹೆಮ್ಮೆಯದು. "ಬೆದರಿ ಚೆದುರಿದ ದನಕೂ ಹೊಡೆದಾಟ. ಮೂರು ಅಕ್ಷರ," ಎಂದು ಓದಿ ಕಾದಳು.

ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು. ಹುಬ್ಬು ಗಂಟಿಕ್ಕಿತು. "ಏನಮ್ಮಾ, ಮಾತು ಹೋಯ್ತಾ, ಯೋಚನೆ ಮಾಡ್ತಿದಾರಾ?" ಎಂದು ಸರ್ಜನ್ ಕೇಳಿದರು. ಹೋಯಿತು ಎಂದರೆ ಅಷ್ಟು ಗಡ್ಡೆ ಅಲ್ಲೇ ಉಳಿಯುತ್ತದೆ. ಇಲ್ಲ ಎಂದು, ನಿಜಕ್ಕೂ ಹೋಗಿದ್ದರೆ? ಅಷ್ಟರಲ್ಲಿ ಹೊದಿಕೆಯ ಅಂಚಿನಲ್ಲಿ ಮೇಷ್ಟ್ರ ಹೆಬ್ಬೆರಳು ಕಂಡಿತು. ಅದು ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಿತ್ತು.

"ಕಡ್ಡಿ ತೆಗೆದು ಸ್ವಲ್ಪ ತಡೀರಿ ಸರ್. ಎಣಿಸ್ತಿದಾರೆ."

"ಹೇಳೋದೋ ಬೇಡವೋ ಅಂತ ನೋಡ್ತಿದ್ದೆ, ತಾಯಿ," ಎಂದರು ಮೇಷ್ಟ್ರು ಕೊನೆಗೆ. "ಉತ್ತರ ಕದನ. ಸರಿ. ಆದ್ರೆ 'ದನಕೂ' ಚೆದುರಿದ್ರೆ ನನಗೆ 'ಕೂ' ಸಿಗುತ್ತೆ, 'ಕ' ಸಿಗಲ್ಲ. ನಿಮ್ಮ ದನಕ್ಕೆ ಕೊಂಬು ಜಾಸ್ತಿ ಆಗಿದೆ."

ಅವಳು ಉಸಿರು ಬಿಟ್ಟಳು. ಸುಳಿವು ಕೆಟ್ಟಿತ್ತು, ಮಾತು ಕೆಟ್ಟಿರಲಿಲ್ಲ. ಸರ್ಜನ್ ಇನ್ನೊಮ್ಮೆ ತಾಗಿಸಿ ನೋಡಿ, ಆ ಚೂರು ತೆಗೆದು, ಕಡ್ಡಿಯನ್ನು ತುಸು ಒಳಕ್ಕೆ ಸರಿಸಿದರು. ಅವಳು ಧೈರ್ಯ ಸಾಲದೆ, ಇದ್ದುದರಲ್ಲಿ ಸುಲಭದ್ದನ್ನು ಆರಿಸಿದಳು.

"ಒಂದರ ನಾಲ್ಕನೇ ಪಾಲು ನಡೆಯೋದಕ್ಕೆ ಸಾಕು. ಎರಡು ಅಕ್ಷರ."

"ಕಿಟಕಿ," ಎಂದರು ಮೇಷ್ಟ್ರು ತಟ್ಟನೆ, ಮುಗುಳ್ನಕ್ಕು. "ನಾಲ್ಕು ಕಡೆ ಕಿಟಕಿ ಇಟ್ಟು ಒಂದನ್ನ ತಿರುವಿದ್ರೆ ನಡೆದುಬಿಡುತ್ತೆ. ನೇರವಾಗೇ ಇದೆಯಲ್ಲ."

"ಚೆನ್ನಾಗಿ ಹೇಳಿದ್ರಿ. ಇದನ್ನೂ ತೆಗೀತೀನಿ," ಎಂದರು ಸರ್ಜನ್.

ಮೇಷ್ಟ್ರ ದನಿ ಅದೇ, ಪಾಠದ ಧಾಟಿಯೂ ಅದೇ. ಒಂದು ಗಳಿಗೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಬಿಡಿಸಿ ಹೇಳುವ ತನಕ ಯಾವ ಸುಳಿವು ತಾನೇ ಹುಚ್ಚುಮಾತಿನಂತೆ ಕೇಳುವುದಿಲ್ಲ? ತನಗೇ ಹೊಳೆಯದ ಅರ್ಥ ಇದರಲ್ಲಿದ್ದೀತು. ಅವಳು ಬೆರಳು ಮಡಿಸಿದಳು. ಕಿ. ಟ. ಕಿ. ಒಂದು ಕೊಂಬು ಹೆಚ್ಚಾದದ್ದನ್ನು ಸಹಿಸದವರು ಒಂದು ಅಕ್ಷರವೇ ಹೆಚ್ಚಾದರೂ ನಗುತ್ತಿದ್ದಾರೆ.

"ಬೇಡ ಸರ್. ಕೈ ತೆಗೀರಿ."

"ಸರಿಯಾಗೇ ಮಾತಾಡ್ತಿದಾರಲ್ಲಮ್ಮಾ?"

"ಇಲ್ಲ. ತೆಗೀರಿ."

ಕಡ್ಡಿ ಮೇಲೆದ್ದಿತು. ಅವಳು ಅದೇ ಸುಳಿವನ್ನು ಮತ್ತೆ ಓದಿದಳು. ಅವಳ ದನಿ ಅವಳಿಗೇ ಬೇರೆಯವರದರಂತೆ ಕೇಳಿತು.

"ಕಾಲು," ಎಂದರು ಮೇಷ್ಟ್ರು ಬೇಸರದಿಂದ. "ನಾಲ್ಕನೇ ಒಂದು ಪಾಲೂ ಕಾಲೇ, ನಡೆಯೋದೂ ಕಾಲೇ. ಇಷ್ಟು ಸಲೀಸಾದ್ದು ಯಾಕೆ ಕೇಳ್ತೀರಿ, ಮಕ್ಕಳಿಗೆ ಕೇಳಿದ ಹಾಗೆ?" ಕಿಟಕಿ ಎಂದದ್ದು ಅವರಿಗೆ ಗೊತ್ತೇ ಇರಲಿಲ್ಲ.

ಸರ್ಜನ್ ಅದೇ ಜಾಗಕ್ಕೆ ಮತ್ತೆ ತಾಗಿಸಿದರು. ಬೇರೆ ಸುಳಿವಿಗೆ ಬೇರೊಂದು ಅಸಂಬದ್ಧ ಅಷ್ಟೇ ಸರಾಗವಾಗಿ ಹೊರಬಂತು. ಸರ್ಜನ್ ಆ ಚೂರನ್ನು ಮುಟ್ಟದೆ ಕೈ ಹಿಂದಕ್ಕೆ ತೆಗೆದರು. ಚಿಮಟ ತಟ್ಟೆಗೆ ಬಿದ್ದ ಸದ್ದಾಯಿತು.

"ಮೇಷ್ಟ್ರೇ," ಎಂದರು ಸರ್ಜನ್ ಪರದೆಯ ಮೇಲಿಂದ ಬಗ್ಗಿ, "ನಿಮ್ಮ ಮಾತಿಗೆ ಏನೂ ಆಗಿಲ್ಲ. ಗಡ್ಡೇದು ಒಂದು ಚೂರು ಮಾತ್ರ ಅಲ್ಲೇ ಬಿಟ್ಟಿದೀನಿ. ನಿಮ್ಮ ಪದಬಂಧದ ಭಾಷೇಲಿ ಹೇಳೋದಾದ್ರೆ, ಒಂದು ಮನೆ ಖಾಲಿ ಉಳಿದಿದೆ, ಅಷ್ಟೇ."

ಮೇಷ್ಟ್ರು ಕಣ್ಣು ಮುಚ್ಚಿ ಅದನ್ನು ಯೋಚಿಸಿದರು.

"ಖಾಲಿ ಬಿಟ್ಟ ಮನೆ ತಾನಾಗಿ ತುಂಬಿಕೊಳ್ಳಲ್ಲ ತಾನೇ, ಡಾಕ್ಟ್ರೇ?"

ಸರ್ಜನ್ ನರ್ಸಿನ ಕಡೆ ಕೈ ಚಾಚಿ ಹೊಲಿಗೆಯ ದಾರ ಕೇಳಿದರು.