ಸೋದರತ್ತೆ ಇಟ್ಟ ಹೆಸರು

ಆ ಊರಿನಲ್ಲಿ ಒಂದು ಹೆಸರು ಒಬ್ಬರಿಗೇ. ಸತ್ತವರ ಹೆಸರಿಟ್ಟರೆ ಅವರ ಅಂಜಿಕೆಯೂ ಕೂಸಿಗೆ ಬರುತ್ತಿತ್ತು. ಉಳಿದ ಹೆಸರುಗಳೆಲ್ಲ ಬದುಕಿದ್ದವರ ಬಳಿ ಇದ್ದವು.

“ಗಂಗವ್ವ ಬ್ಯಾಡ, ಆಕಿ ನೀರಿಗೆ ಅಂಜತಿದ್ಲು. ನಮ್ಮವ್ವನ ಹೆಸರೂ ಬ್ಯಾಡ. ಬಾಗಿಲ ಸಪ್ಪಳಾದ್ರ ಸಾಕು, ನಡಗತಿದ್ಲು,” ಎಂದಳು ಬಾಣಂತಿ ಕಲ್ಲವ್ವ.

“ಯಾಕ ಚಿಂತಿ ಮಾಡ್ತಿ? ನಾ ಅದೀನಲ್ಲ,” ಎಂದು ನಾದಿನಿ ಚಂಪವ್ವ ತೊಟ್ಟಿಲಿಗೆ ಬಾಗಿದಳು. ಮನೆಗೆ ಹೊಕ್ಕ ಹಾವನ್ನು ಬರಿಗೈಯಲ್ಲಿ ಹಿಡಿದು ಹೊರಗೆ ಬಿಡುವ ಹೆಂಗಸು ಅವಳು. ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಊದಿ, ಯಾರಿಗೂ ಕೇಳದಂತೆ ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಎಂದೂ ಬೆಚ್ಚದವಳು ಅಂದು ಬೆಚ್ಚಿಬಿದ್ದಳು.

“ಚಂಪಕ್ಕ, ಏನ್ ಹೆಸರಿಟ್ರಿ?” ಎಂದು ಕಲ್ಲವ್ವ ಕೇಳಿದಳು.

ಯಾರನ್ನು ಕರೆಯುತ್ತಿದ್ದಾಳೋ ಎಂದು ನಾದಿನಿ ಸುತ್ತ ನೋಡಿದಳು. ತೊಟ್ಟಿಲಿನಲ್ಲಿದ್ದ ಕೂಸು ಕಲ್ಲವ್ವನ ಕಡೆಗೆ ಮುಖ ಹೊರಳಿಸಿತು.